ಕಾಲು ಸುತ್ತು

ಐವೊ ಪೊಲೀಸ್ ಟೋಪಿ ಹಾಕಿಕೊಂಡು ನಮ್ಮ ಅಂಗಳಕ್ಕೆ ಕಾಲಿಟ್ಟದ್ದು ನೋಡಿದಾಗಲೇ ನನ್ನ ಮೈ ಉರಿಯಿತು. ಇಡೀ ದ್ವೀಪಕ್ಕೆ ಅವನೊಬ್ಬನೇ ಪೊಲೀಸು. ಸುಮ್ಮನೆ ಬರುವಾಗ ಟೋಪಿ ಹಾಕುವುದಿಲ್ಲ, ಹೊಗೆಗಿಟ್ಟ ಮೀನಿನ ವಾಸನೆ ಹಿಡಿದು ಬೇಲಿ ದಾಟಿ ಬರುತ್ತಾನೆ. ಟೋಪಿ ಇದೆಯೆಂದರೆ ಕೆಟ್ಟ ಸುದ್ದಿ ತಂದಿದ್ದಾನೆ, ಅದನ್ನು ಹೇಳುತ್ತಿರುವುದು ತಾನಲ್ಲ, ಟೋಪಿ ಅಂತ ನಾವು ತಿಳಿದುಕೊಳ್ಳಬೇಕು.

"ಸಾಲ್ಮೆ, ಲಾರಿ ವಿಷ್ಯ," ಅಂದ.

"ಏನಾಯ್ತು ಅದಕ್ಕೆ? ಅಲ್ಲೇ ನಿಂತಿದೆಯಲ್ಲ," ಅಂದಳು ಅಜ್ಜಿ, ಆಲೂಗಡ್ಡೆ ಸಿಪ್ಪೆ ತೆಗೆಯುವುದನ್ನು ನಿಲ್ಲಿಸದೆ.

"ನಿಂತಿದ್ದಾಗ ಯಾರದೂ ತಕರಾರಿಲ್ಲ. ಓಡುವಾಗ ರಸ್ತೆ ಪೂರ್ತಿ ಬೇಕಂತೆ ಅದಕ್ಕೆ."

ತಕರಾರು ಕೊಟ್ಟವರು ರಾಜಧಾನಿ ತಾಲಿನ್ನಿನಿಂದ ಬೇಸಿಗೆಗೆ ಮಾತ್ರ ಬರುವ ಜನ. ಸತ್ತ ಮೀನುಗಾರರ ಮನೆ ಕೊಂಡು, ಕಿಟಕಿಗೆ ನೀಲಿ ಬಣ್ಣ ಬಳಿದು, ಪಕ್ಕದ ಮನೆಯ ಹುಂಜ ಬೆಳಿಗ್ಗೆ ಕೂಗುತ್ತದೆ ಅಂತ ದೂರು ಹೇಳುವವರು. ಎದುರಿಗೆ ನಮ್ಮ ಲಾರಿ ಬರುವುದನ್ನು ಕಂಡು ಅವರ ಬಿಳಿ ಕಾರು ತಾನಾಗಿ ಹೋಗಿ ಚರಂಡಿಯಲ್ಲಿ ಕೂತಿತ್ತು. ಲಾರಿ ಓಡಿಸುವ ಮುದುಕಿ ಕುಡಿದಿರಬೇಕು, ಇಲ್ಲ ಕಣ್ಣು ಹೋಗಿರಬೇಕು, ಇಲ್ಲ ಕೈ ನಡುಗುತ್ತಿರಬೇಕು ಅಂತ ಹೇಳಿದ್ದರು. ನಮ್ಮಜ್ಜಿ ಮಜ್ಜಿಗೆಗಿಂತ ಗಟ್ಟಿಯಾದದ್ದನ್ನು ಕುಡಿದವಳಲ್ಲ. ದೂರದ ದೋಣಿ ಯಾರದೆಂದು ಅದು ತಿರುಗುವ ಮೊದಲೇ ಹೇಳುತ್ತಾಳೆ. ಆ ಕೈಗಳು ಅವಳು ಕಣ್ಣು ಮುಚ್ಚಿದ್ದರೂ ಕೈಗವಸು ಹೆಣೆಯುತ್ತವೆ.

"ಶುಕ್ರವಾರ ನಿನ್ನ ಜೊತೆ ಹಳ್ಳಿಗಳ ಪೂರ್ತಿ ಸುತ್ತು ಬರ್ತೀನಿ," ಅಂದ ಐವೊ. "ಲಾರಿ ರಸ್ತೇಲಿ ತನ್ನ ಕಡೇಲಿ ತಾನು ಹೋದ್ರೆ ಹಾಗಂತ ಅವ್ರಿಗೆ ಹೇಳಿಬಿಡ್ತೀನಿ. ಹೋಗ್ಲಿಲ್ಲ ಅಂದ್ರೆ..."

"ಅಂದ್ರೆ?"

"ಕೀಲಿ ಕೊಡ್ಬೇಕಾಗತ್ತೆ ಸಾಲ್ಮೆ. ನನ್ನ ಮುಖ ನೋಡ್ಬೇಡ ಹಾಗೆ."

ಅವನು ಹೋದ ಮೇಲೆ ನಾನು ಅಂಗಳದಲ್ಲಿದ್ದ ಬಕೆಟ್ಟನ್ನು ಜಾಡಿಸಿ ಒದ್ದೆ. ಖಾಲಿ ಇದೆ ಅಂದುಕೊಂಡಿದ್ದೆ. ಇರಲಿಲ್ಲ.

"ಕಾಲು ಮುರೀತಾ?" ಅಂದಳು ಅಜ್ಜಿ.

"ಇಲ್ಲ."

"ಹಾಗಾದ್ರೆ ಬಾ, ಲಾರಿ ನೋಡು ರೌನೊ. ಬಕೆಟ್ಟಿಗೆ ಸ್ಟೇರಿಂಗ್ ಇಲ್ಲ."

ಆ ಲಾರಿ ರಷ್ಯದವರ ಕಾಲದ್ದು. ಅವರು ಎಲ್ಲರ ಜಮೀನು ಸೇರಿಸಿ ಮಾಡಿದ್ದ ಸಾಮೂಹಿಕ ತೋಟ ಮುರಿದುಬಿದ್ದಾಗ ಒಬ್ಬೊಬ್ಬರು ಒಂದೊಂದು ಹಂಚಿಕೊಂಡರು. ಯಾರೋ ಹಸು, ಯಾರೋ ಚಾವಣಿಯ ತಗಡು. ತೋಟದ ಲಾರಿ ಓಡಿಸುತ್ತಿದ್ದ ಅಜ್ಜಿ ಲಾರಿಯನ್ನೇ ಕೇಳಿದಳು. ಹಿಂದೆ ಮರದ ಪೆಟ್ಟಿಗೆ ಕಟ್ಟಿಸಿ, ಒಳಗೆ ಹಲಗೆ ಹೊಡೆಸಿ, ಅದನ್ನೇ ಅಂಗಡಿ ಮಾಡಿದಳು. ಕಪ್ಪು ಬ್ರೆಡ್ಡು, ಡಬ್ಬಿ ಮೀನು, ಹಿಟ್ಟು, ಗ್ಯಾಸಿನ ಸಿಲಿಂಡರು, ಔಷಧಿ. ಅಂಗಡಿಯಿಲ್ಲದ ಹಳ್ಳಿಗಳಿಗೆಲ್ಲ ಅದೇ ಅಂಗಡಿ. ಪ್ರತಿ ಹಳ್ಳಿಯ ರಸ್ತೆ ಬದಿಯಲ್ಲೂ ಒಂದು ಮರದ ಹಾಲಿನ ಕಟ್ಟೆ ಇದೆ. ಹಿಂದೆ ಅದರ ಮೇಲೆ ಹಾಲಿನ ಕ್ಯಾನು ಇಡುತ್ತಿದ್ದರು, ಈಗ ಮುದುಕರು ಕೂರುತ್ತಾರೆ, ಲಾರಿಗೆ ಕಾಯುತ್ತ.

ನಾನು ಬೆಳೆದದ್ದು ಆ ಲಾರಿಯ ನಡುವಿನ ಸೀಟಿನಲ್ಲಿ. ಅಮ್ಮ ಕೆಲಸಕ್ಕೆ ಫಿನ್ಲೆಂಡಿಗೆ ಹೋದವಳು ಅಲ್ಲೇ ಉಳಿದಳು. ಶಾಲೆಯನ್ನು ನಾನು ಬಿಟ್ಟೆನೋ ಶಾಲೆ ನನ್ನನ್ನು ಬಿಟ್ಟಿತೋ, ಅದರ ಬಗ್ಗೆ ಎರಡು ಮಾತಿವೆ. ಒಂದು ಹೆಡ್‌ಮಾಸ್ತರರದು. ಲಾರಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಹೀಗಾಗಿ ಆ ದಿನ ಮಧ್ಯಾಹ್ನ ಹಳೆಯ ಗೋಣಿ ಹಾಸಿ ಅದರ ಹೊಟ್ಟೆಯ ಕೆಳಗೆ ಮಲಗಿದೆ.

ಸಡಿಲ ಸ್ಟೇರಿಂಗಿನ ರೋಗ ಹುಡುಕಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈಯಿಡುತ್ತ ಹೋಗಬೇಕು. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ. ಲಾರಿ ತನ್ನ ಭಾರ ತಾನೇ ಹೊತ್ತು ನೆಲದ ಮೇಲೆ ನಿಂತಿರಬೇಕು. ಜಾಕ್ ಕೊಟ್ಟು ಎತ್ತಿದರೆ ಸುಳ್ಳು ಹೇಳುತ್ತದೆ.

"ಅಲ್ಲಾಡ್ಸು!" ಅಂತ ಕೂಗಿದೆ.

"ಅಲ್ಲಾಡಿಸ್ತಾನೇ ಇದೀನಲ್ಲೋ."

"ಆವಾಗಿಂದಾನಾ?"

"ಎಷ್ಟೋ ವರ್ಷದಿಂದ."

ಮೇಲೆ ಸ್ಟೇರಿಂಗು ಒಂದು ಗೇಣು ತಿರುಗಿದರೂ ಕೆಳಗೆ ಗಾಲಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಮೊದಲು ಸ್ಟೇರಿಂಗಿನ ಕಂಬ ಹಿಡಿದು ನೋಡಿದೆ. ಗಟ್ಟಿಯಾಗಿತ್ತು. ಅದರ ಬುಡದಲ್ಲಿ ಸ್ಟೇರಿಂಗ್ ಪೆಟ್ಟಿಗೆ. ಒಳಗೆ ಹಲ್ಲುಗಳಿರುವ ಕಬ್ಬಿಣದ ಡಬ್ಬ, ಕೈ ತಿರುಗಿಸಿದ್ದನ್ನು ಗಾಲಿ ತಳ್ಳುವ ಬಲವಾಗಿ ಮಾಡುವಂಥದ್ದು. ಅದರ ಮೇಲೆ ಅಂಗೈ ಇಟ್ಟೆ. ಪೆಟ್ಟಿಗೆಗೆ ಪೆಟ್ಟಿಗೆಯೇ ಅಲ್ಲಾಡುತ್ತಿತ್ತು! ಅದನ್ನು ಲಾರಿಯ ಅಡಿಚೌಕಟ್ಟಾದ ಚಾಸಿಗೆ ಹಿಡಿದಿಟ್ಟಿದ್ದ ಬೋಲ್ಟುಗಳು ಸಡಿಲವಾಗಿ, ತೂತುಗಳು ಸವೆದು ಅಗಲವಾಗಿದ್ದವು. ಅಲ್ಲಿಂದ ಗಾಲಿಯ ಕಡೆಗೆ ಒಂದು ಉದ್ದ ಸರಳು. ಸರಳಿನ ತುದಿಯಲ್ಲಿ ಬಟ್ಟಲಿನೊಳಗೆ ಕೂತ ಉಕ್ಕಿನ ಗುಂಡು. ಅದರ ಮೇಲೆ ಬೆರಳಿಟ್ಟರೆ ಅಜ್ಜಿ ಅಲ್ಲಾಡಿಸಿದಾಗಲೆಲ್ಲ ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಟಕ್ ಟಕ್ ಅನ್ನುತ್ತಿತ್ತು. ಗುಂಡಗಿರಬೇಕಾದದ್ದು ಸವೆದು ಮೊಟ್ಟೆಯಾಗಿತ್ತು.

ಇವೆರಡೂ ವಯಸ್ಸಿನ ರೋಗ, ಕೋಪ ಬರುವಂಥದ್ದಲ್ಲ. ಕೋಪ ಬಂದದ್ದು ಸ್ಕ್ರೂ ನೋಡಿದಾಗ.

ಪೆಟ್ಟಿಗೆಯ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ, ಅದನ್ನು ಹಿಡಿದಿಡಲು ಒಂದು ನಟ್ಟು. ಸ್ಕ್ರೂ ತಿರುಗಿಸಿದರೆ ಒಳಗಿನ ಹಲ್ಲುಗಳು ಹತ್ತಿರವಾಗುತ್ತವೆ. ಅಪರೂಪಕ್ಕೆ, ಕೂದಲೆಳೆಯಷ್ಟು ತಿರುಗಿಸಬೇಕಾದದ್ದು. ಅತಿಯಾದರೆ ಹಲ್ಲು ಹಲ್ಲನ್ನು ಕಚ್ಚಿಕೊಳ್ಳುತ್ತದೆ. ತಿರುವು ದಾಟಿದ ಮೇಲೆ ತಾನಾಗಿ ನೆಟ್ಟಗಾಗಬೇಕಾದ ಗಾಲಿ ಆಗುವುದಿಲ್ಲ, ಕೈಯಿಂದ ಎಳೆದು ತರಬೇಕು. ನಮ್ಮ ಲಾರಿಯ ಸ್ಕ್ರೂ ಇನ್ನು ಒಳಗೆ ಹೋಗಲು ಜಾಗವಿಲ್ಲದಷ್ಟು ಒಳಗೆ ಹೋಗಿತ್ತು. ನಟ್ಟಿಗೆ ಮೂಲೆಗಳೇ ಉಳಿದಿರಲಿಲ್ಲ. ಒಂದು ಕಡೆ ಪೈಪು ಹಿಡಿಯುವ ಇಕ್ಕಳದ ಹಲ್ಲಿನ ಗುರುತು. ಇನ್ನೊಂದು ಕಡೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದ ಗುರುತು. ಮತ್ತೆ ಬೇರೆ ಯಾವುದೋ. ದ್ವೀಪದ ಎಲ್ಲ ಹತಾರಗಳೂ ಬಂದು ಅಲ್ಲಿ ಸಹಿ ಹಾಕಿ ಹೋಗಿದ್ದವು.

"ಅಜ್ಜೀ! ಈ ಪಕ್ಕದ ಸ್ಕ್ರೂ ಯಾರು ಮುಟ್ಟಿದ್ದು?"

"ಅದಾ? ಎಲ್ರೂ."

"ಎಲ್ರೂ ಅಂದ್ರೆ?"

"ಎಲ್ರೂ ಅಂದ್ರೆ ಎಲ್ರೂನೂ ಕಣೋ. ಬ್ರೆಡ್ ತಗೊಳ್ತಾರೆ, ಲಾರಿ ಹೇಗಿದೆ ಸಾಲ್ಮೆ ಅಂತಾರೆ. ಸ್ಟೇರಿಂಗ್ ಸ್ವಲ್ಪ ಸಡಿಲ ಅಂತೀನಿ. ತಡಿ, ಕಾಲು ಸುತ್ತು ಕೊಟ್ಬಿಡ್ತೀನಿ ಅಂತಾರೆ. ಬೇಡ ಅನ್ನೋಕಾಗತ್ತಾ?"

ಗೋಣಿಯ ಮೇಲೆ ಮಲಗಿದ್ದ ಹಾಗೇ ನನಗೆ ಎಲ್ಲ ಅರ್ಥವಾಯಿತು, ಇನ್ನಷ್ಟು ಸಿಟ್ಟೂ ಬಂತು. ನಮ್ಮ ದ್ವೀಪದ ಗಂಡಸರನ್ನು ನಾನು ಬಲ್ಲೆ. ಊಟ ಚೆನ್ನಾಗಿತ್ತು ಅಂತ ಹೆಂಡತಿಗೆ ಹೇಳುವುದಿಲ್ಲ, ಎದ್ದು ಹೋಗಿ ಅವಳ ಕೋಳಿಗೂಡಿನ ಬಾಗಿಲಿಗೆ ತಿರುಗಣಿ ಹಾಕುತ್ತಾರೆ. ಸಾವಾದ ಮನೆಯಲ್ಲಿ ಒಂದು ಮಾತಾಡುವುದಿಲ್ಲ, ಮಾರನೇ ದಿನ ಬಂದು ಸೌದೆ ಸೀಳಿ ಗೋಡೆಯುದ್ದಕ್ಕೂ ಒಟ್ಟಿ ಹೋಗುತ್ತಾರೆ. ಅಜ್ಜಿ ಹಿಮದಲ್ಲಿ, ಗಾಳಿಯಲ್ಲಿ, ಜ್ವರ ಇದ್ದಾಗಲೂ ಇವರಿಗೆ ಬ್ರೆಡ್ಡು ಹೊತ್ತು ಹೋಗಿದ್ದಾಳೆ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಅವಳಿಗೆ ಉಪಕಾರವಾಯಿತು ಅಂದಿಲ್ಲ. ಅನ್ನುವ ಬದಲು ಕಾಲು ಸುತ್ತು ಕೊಟ್ಟಿದ್ದಾರೆ!

ಮಾರನೇ ದಿನ ನೀದಿ ಹಳ್ಳಿಯ ಹಾಲಿನ ಕಟ್ಟೆಯ ಮುಂದೆ ಲಾರಿ ನಿಂತದ್ದೇ ತಡ, ನಾನು ಧುಮುಕಿದೆ.

"ಆ ನಟ್ಟಿಗೆ ಉಳೀಲಿ ಹೊಡ್ದವರು ಯಾರು?"

ಕಟ್ಟೆಯ ಮೇಲೆ ಇಬ್ಬರು ಮುದುಕರು. ಒಬ್ಬ ಪ್ರೀಡಿಕ್, ಹಳೆಯ ನಾವಿಕ. ಇನ್ನೊಬ್ಬ ಎವಾಲ್ಡ್, ತೋಟದ ಕಾಲದಲ್ಲಿ ಬೆಸುಗೆ ಹಾಕುತ್ತಿದ್ದವನು. ಪ್ರೀಡಿಕ್ ಸಮುದ್ರ ನೋಡತೊಡಗಿದ. ಆ ಕಟ್ಟೆಯಿಂದ ಸಮುದ್ರ ಕಾಣುವುದಿಲ್ಲ.

"ತಾತ, ನಿನ್ನ ಉಳಿ ತುದಿ ಮುರಿದಿದೆ. ನಟ್ಟಿನ ಮೇಲಿನ ಗುರುತೂ ಅರ್ಧಾನೇ ಇದೆ."

"ಸ್ಪ್ಯಾನರ್ ಸಿಗ್ಲಿಲ್ಲ ಕಣೋ," ಅಂದ ಪ್ರೀಡಿಕ್. "ಒಂದೇ ಒಂದ್ಸಲ."

"ವರ್ಷಕ್ಕೊಂದ್ಸಲ," ಅಂದ ಎವಾಲ್ಡ್.

"ನೀನ್ ಬಾಯ್ಮುಚ್ಚು. ಪೈಪ್ ಇಕ್ಕಳ ಯಾರದ್ದು, ನಮ್ಮಪ್ಪಂದಾ?" ಅಂತ ಅವನ ಮೇಲೆ ಹರಿಹಾಯ್ದ ಪ್ರೀಡಿಕ್.

"ನೀನು ತಿರುಗಿಸಿದ್ದು ಸಾಲದು ಅಂತ ನಾನು ತಿರುಗಿಸ್ದೆ. ಕೆಲ್ಸ ಬರೋವ್ರು ಒಬ್ರಾದ್ರೂ ಬೇಕಲ್ಲ."

"ನೀವೆಲ್ಲ ಸೇರ್ಕೊಂಡು ಅವಳ ಲಾರಿ ಹಾಳು ಮಾಡಿದೀರ!" ನಾನು ಕಿರುಚಿದೆ. "ಶುಕ್ರವಾರ ಐವೊ ಬರ್ತಾನೆ. ಲಾರಿ ಅಡ್ಡಾದಿಡ್ಡಿ ಹೋದ್ರೆ ಕೀಲಿ ಕಿತ್ಕೊಳ್ತಾನೆ. ಆಮೇಲೆ ತಿನ್ನಿ ಕಾಲು ಸುತ್ತು, ಬೆಣ್ಣೆ ಹಚ್ಕೊಂಡು!"

ಈ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಎವಾಲ್ಡ್ ಕೈಯಲ್ಲಿದ್ದ ಬ್ರೆಡ್ಡಿನ ಖಾಲಿ ಚೀಲವನ್ನು ಕಟ್ಟೆಯ ಮೇಲಿಟ್ಟ, ಮತ್ತೆ ಎತ್ತಿಕೊಂಡ. ಅಜ್ಜಿ ಹಿಂದಿನ ಬಾಗಿಲಲ್ಲಿ ನಿಂತು ಸಕ್ಕರೆ ತೂಗುತ್ತಿದ್ದವಳು, "ಲೇ ರೌನೊ, ವಯಸ್ಸಾದವರ ಹತ್ರ ಹಾಗೆ ಮಾತಾಡ್ತಾರಾ," ಅಂದಳು. ಅವಳ ದನಿಯಲ್ಲಿ ಎಂದಿನ ಬಿಗಿ ಇರಲಿಲ್ಲ.

"ಏನ್ ಬೇಕು?" ಅಂತ ಕೇಳಿದ ಪ್ರೀಡಿಕ್. ಅವನ ಪ್ರಕಾರ ಅದು ಕ್ಷಮೆ.

"ಸರಳಿನ ತುದಿಗೆ ಗುಂಡು ಬೇಕು, ಬಟ್ಟಲ ಸಮೇತ. ಚಾಸಿ ತೂತಿಗೆ ಬೆಸುಗೆ ಬೇಕು."

"ಇಂಥದ್ದೇ ಲಾರಿ ಒಂದು ನಮ್ಮನೆ ಹಿಂದಿನ ಜುನಿಪರ್ ಪೊದೇಲಿದೆ. ಒಳಗಿರೋ ಕೋಳಿಗಳನ್ನ ಎಬ್ಬಿಸ್ಬೇಕು, ಅಷ್ಟೇ," ಅಂದ ಪ್ರೀಡಿಕ್.

ಕೋಳಿಗಳು ಸುಲಭವಾಗಿ ಏಳಲಿಲ್ಲ. ಒಂದು ನನ್ನ ಕಿವಿ ಕುಕ್ಕಿತು. ಆದರೆ ಆ ಸತ್ತ ಲಾರಿಯ ಗುಂಡು, ಎಷ್ಟೋ ಕಾಲದ ಗ್ರೀಸಿನಲ್ಲಿ ಮುಳುಗಿ ಮಲಗಿದ್ದದ್ದು, ಒರೆಸಿದರೆ ಕನ್ನಡಿಯ ಹಾಗಿತ್ತು. ನಮ್ಮ ಅಂಗಳಕ್ಕೆ ಎವಾಲ್ಡ್ ಬೆಸುಗೆ ಯಂತ್ರ ತಂದ. ಅವನ ಹಿಂದೆ ಬೇರೆ ಹಳ್ಳಿಯವರೂ ಬಂದರು, ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಹತಾರ. "ಜೇಬಿಂದ ಕೈ ತೆಗ್ದವರ ಕೈ ಮುರೀತೀನಿ," ಅಂದೆ. ಎಲ್ಲರೂ ಕೈಗಳನ್ನು ಜೇಬಿನಲ್ಲೇ ಇಟ್ಟುಕೊಂಡು ಸುತ್ತ ನಿಂತರು, ಸ್ಮಶಾನದಲ್ಲಿ ನಿಂತ ಹಾಗೆ.

ಎವಾಲ್ಡ್ ತೂತುಗಳ ಮೇಲೆ ದಪ್ಪ ತಗಡು ಕೂರಿಸಿ ಬೆಸೆದ. ನಾನು ಹೊಸದಾಗಿ ತೂತು ಕೊರೆದು, ಹೊಸ ಬೋಲ್ಟು ಹಾಕಿ ಪೆಟ್ಟಿಗೆಯನ್ನು ಬಿಗಿದೆ. ಸರಳಿಗೆ ಗುಂಡು ಕೂರಿಸಿದೆ. ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ಸ್ಟೇರಿಂಗನ್ನು ಸರಿಯಾಗಿ ನಡುವಿಗೆ ತಂದು, ಆ ಸ್ಕ್ರೂವನ್ನು ಹಿಂದಕ್ಕೆ ಬಿಡಿಸಿದೆ. ಎಲ್ಲರೂ ಕೊಟ್ಟ ಕಾಲು ಸುತ್ತುಗಳು ಒಂದೊಂದಾಗಿ ಹೊರಬಂದವು. ಆಮೇಲೆ ಬೆರಳಿಗೆ ಇಷ್ಟೇ ಇಷ್ಟು ತಡೆ ಸಿಗುವವರೆಗೆ ಒಳಗೆ ಬಿಟ್ಟು, ಹೊಸ ನಟ್ಟು ಹಾಕಿ ಭದ್ರ ಮಾಡಿದೆ. ಲಾರಿಯನ್ನು ಕೆಳಗಿಳಿಸಿ ಸ್ಟೇರಿಂಗನ್ನು ಒಂದು ಬೆರಳಿನಷ್ಟು ತಿರುಗಿಸಿದೆ. ಗಾಲಿ ಕೂಡಲೇ ಓಗೊಟ್ಟಿತು.

"ಹ್ಞೂಂ," ಅಂದ ಪ್ರೀಡಿಕ್. ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಗುರುವಾರ ಅಜ್ಜಿಯನ್ನು ಕೂರಿಸಿಕೊಂಡು ರಷ್ಯದ ಸೇನೆಯವರು ಬಿಟ್ಟುಹೋದ ಕಾಂಕ್ರೀಟ್ ಬಯಲಿಗೆ ಹೋದೆ. ಅಲ್ಲಿ ಅವಳಿಗೆ ಸ್ಟೇರಿಂಗ್ ಕೊಟ್ಟೆ. ಲಾರಿ ಹೊರಟಿತು. ಹೊರಟದ್ದೇ ಹಾವಿನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳತೊಡಗಿತು. ಮೊದಲಿಗಿಂತಲೂ ಕಡೆ! ಹಿಂದೆ ಹಲಗೆಯ ಮೇಲಿನ ಡಬ್ಬಿಗಳು ದಡದಡ ಉರುಳಿದವು.

"ಏನ್ ಮಾಡ್ತಿದೀಯ!"

"ನಾನೇನೂ ಮಾಡ್ತಿಲ್ಲ! ನಿನ್ನ ಲಾರಿ ಮಾಡ್ತಿದೆ!"

ಅವಳ ಕೈ ನೋಡಿದೆ. ಎರಡೂ ಕೈ ಒಂದೇ ಸಮನೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ, ಹಿಟ್ಟು ಜರಡಿ ಹಿಡಿದ ಹಾಗೆ ಆಡುತ್ತಿದ್ದವು. ಸಡಿಲ ಲಾರಿಯನ್ನು ನೆಟ್ಟಗಿಡಲು ಎಷ್ಟೋ ವರ್ಷದಿಂದ ಕಲಿತ ಆಟ. ಮೊದಲು ಆ ಆಟವನ್ನೆಲ್ಲ ಸಡಿಲವೇ ನುಂಗುತ್ತಿತ್ತು. ಈಗ ನುಂಗಲು ಏನೂ ಉಳಿದಿಲ್ಲ. ಅವಳು ಆಡಿದಷ್ಟೂ ಗಾಲಿ ಆಡುತ್ತಿತ್ತು.

"ಕೈ ಅಲ್ಲಾಡಿಸ್ಬೇಡ!"

"ಅಲ್ಲಾಡಿಸ್ತಿಲ್ಲ!"

ನಿಜಕ್ಕೂ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಗಟ್ಟಿಯಾಗಿ ಹಿಡಿ ಅಂದರೆ ಇನ್ನೂ ಜೋರಾಗಿ ಆಡುತ್ತಿದ್ದವು. ಬೈದೆ, ಬೇಡಿಕೊಂಡೆ, ಮತ್ತೆ ಬೈದೆ. ಕೊನೆಗೆ ಅವಳೇ ಲಾರಿ ನಿಲ್ಲಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರದೋ ಕೈ ನೋಡುವ ಹಾಗೆ ನೋಡುತ್ತ ಕೂತಳು.

"ಲಾರೀನ ಸರಿಮಾಡ್ದೆ ನೀನು," ಅಂದಳು. "ಚೆನ್ನಾಗೇ ಮಾಡಿದೀಯ. ನನ್ನನ್ನ ಸರಿ ಮಾಡೋಕೆ ಪ್ರೀಡಿಕ್ ಮನೆ ಪೊದೇಲಿ ಏನೂ ಸಿಗಲ್ಲ, ಅಲ್ವಾ."

ಆ ಮಾತಿಗೆ ನಾನು ಯಾರನ್ನು ಹೊಡೆಯಲಿ? ಹೊಡೆಯಲು ಬಯಲಿನಲ್ಲಿ ಯಾರೂ ಇರಲಿಲ್ಲ. ಸ್ಕ್ರೂ, ಬೋಲ್ಟು ಒಂದಿಷ್ಟು ಸಡಿಲ ಮಾಡಿಬಿಡೋಣವಾ ಅಂತ ಒಂದು ಗಳಿಗೆ ಯೋಚನೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಬೇಡ. ಒಂದ್ಸಲ ನೆಟ್ಟಗೆ ಮಾಡಿದ್ದನ್ನ ಹಾಳು ಮಾಡ್ಬೇಡ," ಅಂದಳು.

ಶುಕ್ರವಾರ ಬೆಳಿಗ್ಗೆ ಐವೊ ಟೋಪಿ ಸಮೇತ ಬಂದು ಬಲಬಾಗಿಲ ಕಡೆಯ ಸೀಟಿನಲ್ಲಿ ಕೂತ. ನಾನು ಎಡಗಡೆ ಸ್ಟೇರಿಂಗ್ ಹಿಡಿದ ಅಜ್ಜಿಗೂ ಅವನಿಗೂ ನಡುವಿನ ಸೀಟಿಗೆ ತೂರಿಕೊಂಡೆ. ಹುಡುಗನಾಗಿದ್ದಾಗ ಬಿಟ್ಟರೆ ಅಲ್ಲಿ ಕೂತಿರಲಿಲ್ಲ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಹಳ್ಳಿಯ ಕೊನೆಯ ಮನೆ ದಾಟುವಷ್ಟರಲ್ಲಿ ಲಾರಿ ಹೊರಳತೊಡಗಿತು. ಐವೊ ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡ, ಇನ್ನೊಂದರಲ್ಲಿ ಟೋಪಿ. ಅಜ್ಜಿಯ ತುಟಿ ಬೆಳ್ಳಗಾಗಿತ್ತು. ಮುಗಿಯಿತು ಅಂದುಕೊಂಡೆ. ನಾಳೆಯಿಂದ ಅವಳು ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಬೇರೆ ಯಾರದೋ ಲಾರಿಯ ಸದ್ದು ಕೇಳಬೇಕು.

ಸುಣ್ಣಕಲ್ಲಿನ ಗೋಡೆ ತಿರುಗುವಲ್ಲಿ ಒಂದು ಕುರಿ ರಸ್ತೆಗೆ ಹಾರಿತು.

ಅಜ್ಜಿ ಬ್ರೇಕು ತುಳಿದಳು. ತುಳಿಯುತ್ತಲೇ ಅವಳ ಬಲಗೈ ಸ್ಟೇರಿಂಗ್ ಬಿಟ್ಟು ಹಾರಿಬಂದು ನನ್ನ ಕಾಲರ್ ಹಿಡಿಯಿತು. ನಾನು ಚಿಕ್ಕವನಿದ್ದಾಗ ಆ ಕಡೆಯ ಬಾಗಿಲು ಹಳ್ಳ ಸಿಕ್ಕಾಗಲೆಲ್ಲ ತೆರೆದುಕೊಳ್ಳುತ್ತಿತ್ತು. ನಾನು ಹೊರಗೆ ಬೀಳದಂತೆ ಅವಳು ಹೀಗೇ ಹಿಡಿಯುತ್ತಿದ್ದಳು. ಈಗ ಆಚೆ ಪಕ್ಕ ಒಬ್ಬ ಪೂರ್ತಿ ಪೊಲೀಸ್ ಕೂತಿದ್ದ, ನಾನು ಬೀಳಬೇಕೆಂದರೂ ಜಾಗವಿರಲಿಲ್ಲ. ಆದರೂ ಕೈ ಬಂತು.

ಕುರಿ ಹೋಯಿತು. ಲಾರಿ ಮತ್ತೆ ಹೊರಟಿತು. ಅಜ್ಜಿ ಗೇರು ಹಾಕಲು ಕೈ ತೆಗೆದವಳು ಕುರಿಯ ಹಿಂದೆ ಅದರ ಮರಿಯೂ ಹಾರೀತೇನೋ ಅಂತ ಮತ್ತೆ ಕಾಲರ್ ಹಿಡಿದಳು. ಆಗ ನಾನು ನೋಡಿದೆ. ಎಡಗೈ ಒಂದೇ ಸ್ಟೇರಿಂಗಿನ ಮೇಲಿತ್ತು, ಸುಮ್ಮನಿತ್ತು. ಆಟವಾಡಲು ಜೊತೆಗೆ ಇನ್ನೊಂದು ಕೈ ಇರಲಿಲ್ಲ. ಲಾರಿ ದಾರ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು.

ಅವಳು ಕೈ ತೆಗೆಯಲು ಹೋದಳು.

"ಬಿಡ್ಬೇಡ," ಅಂದೆ.

"ಏನು?"

"ನನ್ನ ಕಾಲರ್ ಬಿಡ್ಬೇಡ ಅಜ್ಜಿ."

ಐವೊ ಕೆಮ್ಮಿದ. "ಸಾಲ್ಮೆ, ನಿಯಮದ ಪ್ರಕಾರ ಎರಡೂ ಕೈ..."

"ಎರಡೂ ಕೈಗೆ ಕೆಲ್ಸ ಇದೆಯಪ್ಪ," ಅಂದಳು ಅಜ್ಜಿ, ರಸ್ತೆಯಿಂದ ಕಣ್ಣು ತೆಗೆಯದೆ. "ಒಂದು ಲಾರಿ ಹಿಡ್ದಿದೆ. ಇನ್ನೊಂದು ಇವನ್ನ. ಯಾವ್ದು ಬಿಟ್ರೆ ಜಾಸ್ತಿ ಅಪಾಯ, ನೀನೇ ಹೇಳು."

ಐವೊ ನನ್ನನ್ನು ಅಳೆದು ನೋಡಿದ. ನಡುಬೇಸಿಗೆಯ ಯೋಹಾನನ ಹಬ್ಬದ ಬೆಂಕಿಯ ಮುಂದೆ ನಾನು ಒಬ್ಬನ ಹಲ್ಲು ಉದುರಿಸಿದಾಗ ನನ್ನನ್ನು ಹಿಡಿದುಕೊಂಡು ಹೋದವನು ಅವನೇ. "ಹಿಡ್ಕೊಂಡೇ ಇರು," ಅಂದ.

ಹೀಗೆ ದ್ವೀಪದ ಒಂದೊಂದು ಹಳ್ಳಿಯ ಮುಂದೆಯೂ ನಾನು ನಾಯಿಮರಿಯ ಹಾಗೆ ಕುತ್ತಿಗೆ ಹಿಡಿಸಿಕೊಂಡು ಮೆರವಣಿಗೆ ಹೋದೆ. ಕಲ್ಲಾಸ್‌ನಲ್ಲಿ ಹುಡುಗಿಯರು ನಕ್ಕರು. ನೀದಿಯ ಕಟ್ಟೆಯಿಂದ ಪ್ರೀಡಿಕ್ ಇಣುಕಿ ನೋಡಿದ.

"ರೌನೊನ ಅರೆಸ್ಟ್ ಮಾಡಿದ್ರಾ?"

"ಹೌದು," ಅಂದ ಐವೊ.

"ಮತ್ತೆ ಲಾರಿ?"

ಐವೊ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಹೊಗೆ ಮೀನೇನಾದ್ರೂ ಇದೆಯಾ ಸಾಲ್ಮೆ, ಹಿಂದೆ?" ಅಂತ ಕೇಳಿದ.

ನನ್ನ ಕಾಲರಿನ ಮೇಲಿದ್ದ ಬೆರಳುಗಳು ಒಮ್ಮೆ ಬಿಗಿಯಾದವು. "ಇದೆ," ಅಂದಳು ಅಜ್ಜಿ. "ನಿಂಗೆ ದೊಡ್ಡದೇ ಕೊಡ್ತೀನಿ."

ಅವಳ ಕೈಗಳು ಹೊಸ ಸ್ಟೇರಿಂಗ್ ಕಲಿಯುವವರೆಗೆ ನಾನು ಜೊತೆಗಿರಬೇಕು ಅನ್ನುವುದೊಂದೇ ಐವೊನ ಷರತ್ತು. ಹಿಮ ಬೀಳುವ ಹೊತ್ತಿಗೆ ಕಲಿತವು. ಈಗ ಎರಡು ಕೈಯಲ್ಲೂ ನೆಟ್ಟಗೆ ಓಡಿಸುತ್ತಾಳೆ. ಆದರೂ ಒಮ್ಮೊಮ್ಮೆ ಖಾಲಿ ರಸ್ತೆಯಲ್ಲೇ ಕಾಲರಿಗೆ ಕೈ ಬರುತ್ತದೆ. ಏನು ಅಂತ ಕೇಳಿದರೆ "ಕುರಿ" ಅನ್ನುತ್ತಾಳೆ.

ಉಳಿದದ್ದು ಮುದುಕರ ಸಮಸ್ಯೆ. ನಾನು ಆ ಸ್ಕ್ರೂ ಮೇಲೆ ತಗಡಿನ ಮುಚ್ಚಳ ಹಾಕಿ ಬೆಸೆದಿದ್ದೆ. ಅವರು ಬ್ರೆಡ್ಡು ತೆಗೆದುಕೊಂಡು, ಲಾರಿಯ ಸುತ್ತ ಒಂದು ಸಲ ಬಂದು, ಜೇಬಿನೊಳಗಿನ ಸ್ಪ್ಯಾನರನ್ನು ಸವರುತ್ತ ನಿಲ್ಲುತ್ತಿದ್ದರು. ಎವಾಲ್ಡ್ ಮುಖ ಮೂರು ದಿನ ಊಟ ಕಾಣದವನ ಹಾಗಿತ್ತು. ನೋಡಲಾಗಲಿಲ್ಲ ನನಗೆ. ಅವರ ಮೇಲಿನ ಸಿಟ್ಟು ಹೋಗಿರಲಿಲ್ಲ, ಆದರೂ ನೋಡಲಾಗಲಿಲ್ಲ. ಒಂದು ದಿನ ಮುಂದಿನ ಬಂಪರಿನ ಹಿಂದೆ ಒಂದು ಕಬ್ಬಿಣದ ತುಂಡು ಬೆಸೆದು, ಅದಕ್ಕೊಂದು ದೊಡ್ಡ ಸ್ಕ್ರೂ, ಒಳ್ಳೇ ಹಿತ್ತಾಳೆಯ ನಟ್ಟು ಕೂರಿಸಿದೆ. ಅದು ಯಾವುದನ್ನೂ ಬಿಗಿ ಮಾಡುವುದಿಲ್ಲ, ಯಾವುದಕ್ಕೂ ಸೇರಿಲ್ಲ.

"ಲಾರಿ ಹೇಗಿದೆ ಸಾಲ್ಮೆ?" ಅಂತ ಕೇಳಿದ ಪ್ರೀಡಿಕ್ ಮುಂದಿನ ಸಲ.

ಅಜ್ಜಿ ನನ್ನ ಕಡೆ ನೋಡಿದಳು. "ಸ್ವಲ್ಪ ಸಡಿಲ," ಅಂದಳು.

"ತಡಿ, ಕಾಲು ಸುತ್ತು ಕೊಟ್ಬಿಡ್ತೀನಿ." ಕಟ್ಟೆಯಿಂದ ಇಳಿದು, ಮೊಣಕಾಲೂರಿ, ನಾಲಿಗೆ ಕಚ್ಚಿಕೊಂಡು ತಿರುಗಿಸಿದ. ಎದ್ದು ಕೈ ಒರೆಸಿಕೊಂಡು, "ಈಗ ನೋಡು ಹೇಗೋಗುತ್ತೆ," ಅಂದ.

ಪಾಪ, ಅದೂ ಒಂದು ಸ್ಕ್ರೂ ತಾನೇ, ಎಷ್ಟು ಅಂತ ಒಳಗೆ ಹೋದೀತು. ಪ್ರತಿ ಶನಿವಾರ ಸೌನಾದ ಆವಿ ಸ್ನಾನಕ್ಕೆ ಹೋಗುವ ಮೊದಲು ನಾನು ಲಾರಿಯ ಮುಂದೆ ಕೂತು ಅದನ್ನು ಪೂರ್ತಿ ಹಿಂದಕ್ಕೆ ಬಿಡಿಸಿ, ನಟ್ಟಿಗೆ ಗ್ರೀಸು ಹಚ್ಚಿ ಇಡುತ್ತೇನೆ.